ತೊಂಬತ್ತೇಳನೆಯ ಪುಟ

ಎಮ್ರಿಸ್ ಪ್ರಾಬರ್ಟ್ ಬರುವುದು ಮಂಗಳವಾರ,
ಅಬರಿಸ್ಟ್ವಿತ್‌ನ ಕಡಲು ರಸ್ತೆಗೆ ಕಲ್ಲೆಸೆಯುವ ದಿನಗಳಲ್ಲೂ,
ಕಂಕುಳಲ್ಲಿ ದೆವ್ವಗಳನ್ನು ಅವುಚಿಕೊಂಡು,
ಮೀನಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ.

ನನ್ನದು ಹೊಲಿಗೆಯ ಕೆಲಸ. ಬೆನ್ನು ಮುರಿದವಕ್ಕೆ ಬೆನ್ನು,
ರಟ್ಟು ಕಳಚಿದವಕ್ಕೆ ರಟ್ಟು.
ಓದಿದವರ ಬೆನ್ನಲ್ಲಿ ಚಳಿ ಹರಿಸಿದ ಪುಸ್ತಕಗಳಿಗೂ
ಬೆನ್ನೇ ಮೊದಲು ಸೋಲುವುದು.

ಮೂವತ್ತೊಂದು ವರ್ಷ ಶವದ ಗಾಡಿ ಓಡಿಸಿದವನು.
"ಹೆಣ ಪಾಪ," ಎನ್ನುತ್ತಾನೆ, "ಏನೂ ಮಾಡುವುದಿಲ್ಲ.
ಟೈ ಸೊಟ್ಟಗಿದ್ದರೆ ಸರಿಮಾಡಬೇಕು, ಅಷ್ಟೆ.
ಹೆದರಿಕೆ ಬೇಕೆಂದರೆ ಕಾಸು ಕೊಟ್ಟೇ ತರಬೇಕು ನಾನು."

ತರುತ್ತಾನೆ. ಸತ್ತ ಪಾದ್ರಿಗಳ ಮನೆ ಹರಾಜಿನಿಂದ,
ಚರ್ಚಿನ ಹಳೆಬಟ್ಟೆ ಮಾರಾಟದ ಮೇಜಿನಡಿಯಿಂದ,
ಒಮ್ಮೆ ಕೋಳಿಗೂಡಿನಿಂದ.
ಹಳದಿ ರಟ್ಟಿನಲ್ಲಿ ಕಿರುಚುವ ಹೆಂಗಸರು,
ಗೋಪುರ, ಬಾವಲಿ, ಎಲ್ಲ ಅಚ್ಚಿನಲ್ಲೂ ಅದೇ ಚಂದ್ರ.
ಒಂದಿದೆ, ಪಚ್ಚೆ ಹಸಿರಿನದು:
ಬಣ್ಣಕ್ಕೆ ಪಾಷಾಣ ಬೆರೆಸುತ್ತಿದ್ದ ಕಾಲದ್ದು.
ಅದರ ಹೊದಿಕೆ ಮುಟ್ಟಲು ಕೈಗವಸು ಬೇಕು.
ಒಳಗಿನ ಪಿಶಾಚಿಗೆ ಬೇಡ.

ಈ ಸಲದ್ದು ಕಂದು ಬಟ್ಟೆ, ಅಂಥ ಚೆಲುವೇನಲ್ಲ.
ಮೊದಲ ಖಾಲಿ ಹಾಳೆಯಲ್ಲಿ ಮಾಸಿದ ಶಾಯಿ:
"ನೆಸ್ಟಾಗೆ. ಒಬ್ಬಳೇ ಇರುವಾಗ ಓದಬೇಡ. ಟಿ."
ಹಾಳೆಗಳ ಮಡಿಕೆ ಬಿಡಿಸದೆ ಹೊಲಿದು ಮಾರುತ್ತಿದ್ದ ಕಾಲ;
ಓದುವವರೇ ಕತ್ತರಿಸಿಕೊಂಡು ಮುಂದೆ ಹೋಗಬೇಕು.
ನೆಸ್ಟಾಗೆ ಚಾಕು ಸಿಗಲಿಲ್ಲವೋ, ತಾಳ್ಮೆ ಇರಲಿಲ್ಲವೋ,
ಹೇರ್‌ಪಿನ್ನಿನಿಂದ ಹರಿದಿದ್ದಾಳೆ, ಅಂಚೆಲ್ಲ ಇಲಿ ಕಡಿದಂತೆ,
ಒಂದೊಂದು ಮಡಿಕೆಗೂ ಅವಸರ ಹೆಚ್ಚುತ್ತ,
ತೊಂಬತ್ತೇಳರವರೆಗೆ.
ಅಲ್ಲಿ ಮೆಟ್ಟಿಲ ಮೇಲಿನ ಸದ್ದು ನಿಲ್ಲುತ್ತದೆ,
ಬಾಗಿಲ ಹಿಡಿ ತಾನಾಗಿ
ಪುಟ ಮುಗಿಯುತ್ತದೆ.

ಆಮೇಲಿನದೆಲ್ಲ ಇನ್ನೂ ಮುಚ್ಚಿದೆ.
ಪಿನ್ನು ಅಲ್ಲೇ ಇದೆ,
ತನ್ನದೇ ತುಕ್ಕಿನ ನೆರಳಲ್ಲಿ ಮಲಗಿ.

"ಬೆನ್ನು ಮಾತ್ರ ಸರಿಮಾಡು," ಎಂದ ಎಮ್ರಿಸ್.
"ಕತ್ತರಿಸಿದರೆ ಬೆಲೆ ಬಿದ್ದುಹೋಗುತ್ತದೆಂದೇ?"
"ಬೆಲೆ ಹಾಳಾಗಿ ಹೋಗಲಿ. ಅವಳು ಮುಚ್ಚಿಟ್ಟು ಹೋದದ್ದು.
ನೂರು ವರ್ಷದಿಂದ ಹೊರಗೆ ಬಂದಿಲ್ಲ. ಬಿಡು."

ರಾತ್ರಿ ಅಂಟು ಒಣಗುತ್ತಿತ್ತು.
ಗಾಳಿ ಕದ ಅಲುಗಿಸುತ್ತಿತ್ತು ಎಂದು ಬರೆಯುವುದಿಲ್ಲ;
ಗಾಳಿಯೇ ಇರಲಿಲ್ಲ. ಫ್ರಿಜ್ಜು ಗುಂಯ್‌ಗುಡುತ್ತಿತ್ತು.
ಮಡಿಕೆಯನ್ನು ಬೆರಳಲ್ಲಿ ಒತ್ತಿ, ಕೊಳವೆಯಂತೆ ಉಬ್ಬಿಸಿ,
ದೀಪಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದೆ.
ಮೂರು ಪದ ಕಂಡವು. ನಾಲ್ಕನೆಯದು ಅರ್ಧ.
ಪುಸ್ತಕ ಮುಚ್ಚಿ, ಮೇಲೊಂದು ಒತ್ತುಗಲ್ಲು ಇಟ್ಟು,
ಇನ್ನೊಂದು ಒತ್ತುಗಲ್ಲೂ ಇಟ್ಟು ಮಲಗಿದೆ,
ದೀಪ ಆರಿಸದೆ.

ಮಂಗಳವಾರ ಬಂದ. ಬೆನ್ನು ತಡವಿದ, ತಲೆದೂಗಿದ.
"ನೋಡಲಿಲ್ಲ ತಾನೆ?"
"ಇಲ್ಲಪ್ಪ."
ತೊಂಬತ್ತೇಳು ತೆರೆದ.
ಪಿನ್ನು ತುಕ್ಕಿನ ಗುರುತಿನಿಂದ
ಒಂದು ಕೂದಲೆಳೆಯಷ್ಟು ಆಚೆಗಿತ್ತು.
ಏನೂ ಅನ್ನಲಿಲ್ಲ.
ಉಗುರ ತುದಿಯಿಂದ ಅದನ್ನು ಮೆಲ್ಲಗೆ ಸರಿಸಿದ,
ಟೈ ಸರಿಮಾಡುವ ಹಾಗೆ.