ಡಬ್ಬಿ ಇದ್ದ ಜಾಗ

ಆ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ.
ಒಮ್ಮೆ ಬರೆದಿದ್ದೆ, ಸಾಕು.
ಗಂಗಾವತಿಯಲ್ಲಿ ಬಸ್ಸಿಳಿದು, ಭತ್ತದ ಗದ್ದೆ ಮುಗಿದಲ್ಲಿ
ಗುಂಡುಗಳು ಒಂದರ ಮೇಲೊಂದು ಕುಂತ ಗುಡ್ಡ,
ಅಷ್ಟು ಹೇಳಬಲ್ಲೆ. ಅಂಥ ಗುಡ್ಡ ನಮ್ಮಲ್ಲಿ ನೂರಿವೆ.

ಸರ್ವೆ ಇಲಾಖೆಯವನು ನಾನು.
ವಾರವೆಲ್ಲ ಅಣ್ಣತಮ್ಮಂದಿರ ಬದುವಿಗೆ ಸರಪಳಿ ಎಳೆದು
ಅರ್ಧ ಗುಂಟೆಗೆ ಎರಡೂ ಕಡೆ ಬೈಸಿಕೊಂಡು
ಭಾನುವಾರಕ್ಕಾದರೂ
ಯಾರ ಜಗಳವೂ ಇಲ್ಲದ ಒಂದು ಬಿಂದು ಬೇಕಿತ್ತು.
ಸ್ಟೀಲಿನ ಊಟದ ಡಬ್ಬಿ, ಒಳಗೆ ನಲವತ್ತು ಪುಟದ ಪುಸ್ತಕ,
ದಾರ ಕಟ್ಟಿದ ಪೆನ್ಸಿಲ್ಲು, ಒಂದು ಗೋಲಿ.
ಮೋರ್ಯರ ಮನೆಯೊಂದರ ಮೂಡಣ ಚಪ್ಪಡಿಯ
ದುಂಡು ಕಿಂಡಿಯೊಳಗೆ ಮೊಣಕೈತನಕ ತೂರಿ ಇಟ್ಟೆ.
ತಣ್ಣಗಿತ್ತು ಒಳಗೆ. ಮೇ ತಿಂಗಳಲ್ಲಿ.
ಫೋನು ಅಕ್ಷಾಂಶ ರೇಖಾಂಶ ಹಿಡಿದು
ಕಂಡವರಿಗೆಲ್ಲ ಕಳಿಸಿತು.
ಇಷ್ಟೇ ಆಟ: ಹುಡುಕು, ಹೆಸರು ಬರೆ,
ಒಂದು ತಗೋ, ಒಂದು ಇಡು, ಮುಚ್ಚು, ಹೋಗು.

ಮೊದಮೊದಲು ಬಂದವರು ಮೆಲ್ಲಗೆ ಬಂದರು.
ಹೊಸಪೇಟೆಯ ಹಲ್ಲಿನ ಡಾಕ್ಟರು, ಪೋಲೆಂಡಿನ ದಂಪತಿ,
ಸಿಂಧನೂರಿನ ಮೂವರು ಹುಡುಗಿಯರು ಒಂದೇ ಸ್ಕೂಟರಿನಲ್ಲಿ.
ಪುಸ್ತಕ ತುಂಬಿತು, ಇನ್ನೊಂದು ಇಟ್ಟೆ, ಹಿಗ್ಗಿದೆ.
ಅವರು ಕಳಿಸಿದ ಫೋಟೋ ನೋಡುವಾಗ
ಕಣ್ಣಿಗೆ ಬೀಳಬೇಕಿತ್ತು, ಬೀಳಲಿಲ್ಲ,
ಪ್ರತಿ ಚಿತ್ರದಲ್ಲೂ ಹುಲ್ಲು
ಒಂದೊಂದು ಹೆಜ್ಜೆ ಹಿಂದೆ ಸರಿದದ್ದು.

ಎರಡನೆಯ ಯುಗಾದಿ ಕಳೆದು ಹತ್ತಿದೆ.
ದಾರಿಯೇ ಇರದ ಕಡೆ ದಾರಿ,
ಎಣ್ಣೆ ಹಚ್ಚಿ ತೆಗೆದ ಬೈತಲೆಯಷ್ಟು ಸ್ಪಷ್ಟ.
ಕಲ್ಲುಹೂ ಕೆರೆದುಹೋದ ಚಪ್ಪಡಿ, ಬೂಟಿನ ಗೀರು.
ಕೆಮ್ಮಣ್ಣಿನ ಜಿಂಕೆಗೆ ಯಾರೋ ನೀರೆರಚಿ
ಫೋಟೋಕ್ಕೆ ಹೊಳಪು ತರಿಸಿದ್ದಾರೆ;
ಹಿಂಗಾಲು ಎರಡೂ ಇಲ್ಲ.
ಪಕ್ಕದ ಮನೆಯ ಸೂರಿನ ಬಂಡೆ
ಒಂದು ಗೇಣು ಜಾರಿದೆ.
ಅಳೆಯುವವನು ನಾನೇ ಅಲ್ಲವೆ, ಟೇಪು ಹಿಡಿದೆ.
ಒಂಬತ್ತೂವರೆ ಇಂಚು.
ಯಾರ ಖಾತೆಗೆ ಬರೆಯಲಿ?

ಯಮನವ್ವ ಕುರಿ ಬಿಟ್ಟುಕೊಂಡು ದೋಣಿಯ ದಂಡೆಗೆ ಕುಂತಿದ್ದಳು.
"ನಿಂದೇನು ಆ ಡಬ್ಬಿ?" ಅಂದಳು.
ಫೋನಿಲ್ಲದೆ ಕಂಡಿದ್ದಳು, ಮೊದಲ ವಾರವೇ.
ಯಾರೂ ನಿಯಮ ಹೇಳದೆ ತಾನೂ ಆಡಿದ್ದಳು:
ಗೋಲಿ ಮೊಮ್ಮಗನಿಗೆ ಒಯ್ದು
ಬದಲಿಗೆ ಕುರಿಯ ಗಂಟೆ ಇಟ್ಟಿದ್ದಳು.
ಆ ಗಂಟೆ ಈಗ ಯಾವ ದೇಶದ ಗೂಡಿನಲ್ಲಿದೆಯೋ.
"ಕಿಂಡ್ಯಾಗ ಉಡ ಇರತಿತ್ತು," ಅಂದಳು.
"ನಾ ಸಣ್ಣಾಕಿ ಇದ್ದಾಗಿಂದ. ಅದರ ಮರಿ, ಅದರ ಮರಿ.
ಈ ವರ್ಷ ಇಲ್ಲ."

ಡಬ್ಬಿ ತೆಗೆದು ಚೀಲಕ್ಕೆ ಹಾಕಿದೆ.
ಪಟ್ಟಿಯಿಂದಲೂ ಅಳಿಸುತ್ತೇನೆಂದೆ.
ಕೈ ತೊಳೆದುಕೊಂಡವನ ಹಾಗೆ ಎದ್ದು ನಿಂತೆ.

ಅವಳು ಎಲೆಅಡಿಕೆಯ ಬಾಯಲ್ಲಿ ನಕ್ಕಳು.
"ಅಂಕಿ ಬರಕೊಂಡೋರು ಬರೂದು ಬಿಡತಾರೇನು?
ಇದ್ದದ್ದು ಹುಡುಕೋರು ಒಂದು ಕಲ್ಲು ಎತ್ತತಾರ.
ಇಲ್ಲದ್ದು ಹುಡುಕೋರು ಗುಡ್ಡ ಎತ್ತತಾರ."

ಈಗ ಆ ಡಬ್ಬಿ ಗುಡ್ಡದ ಬುಡದಲ್ಲಿ
ಖಾಜಾಹುಸೇನನ ಚಹಾದಂಗಡಿಯ ಮೊಳೆಗೆ ತೂಗುತ್ತಿದೆ.
ಭಾನುವಾರ ನಾನು ಅಲ್ಲೇ ಇರುತ್ತೇನೆ.
ಫೋನು ಮುಂದೆ ಹಿಡಿದು ಬಂದವರಿಗೆ
ಇಲ್ಲೇ ಬರೆಯಿರಿ, ಮೇಲೆ ಏನಿಲ್ಲ ಅನ್ನುತ್ತೇನೆ.
ಮೇಲೆ ಏನಿಲ್ಲ! ಬಾಯಿಗೆ ಹುಳ ಬೀಳಬೇಕು.
ಕೆಲವರು ಹೆಸರು ಬರೆದು, ಚಹಾ ಕುಡಿದು, ತಿರುಗುತ್ತಾರೆ.
ಮೊನ್ನೆ ಇಬ್ಬರು ನಂಬಲಿಲ್ಲ. ಹತ್ತಿದರು.

ಗ್ಲಾಸು ಕೈಯಲ್ಲೇ ಆರಿತು.
ಮಧ್ಯಾಹ್ನದ ಹೊತ್ತಿಗೆ ಮೇಲಿಂದ
ಕಲ್ಲಿಗೆ ಕಲ್ಲು ತಾಗಿದ ಸದ್ದು.
ಖಾಜಾಹುಸೇನ ಸ್ಟವ್ ಸಣ್ಣ ಮಾಡಿದ, ಕೇಳಲಿಕ್ಕೆ.
ಮತ್ತೊಂದು.