ಇದು ಯಾವ ಡಬ್ಬಕ್ಕೆ

ಕಾರು ಬರುತ್ತದೆಂದು ಕಟ್ಟಿಸಿದ ಶೆಡ್ಡು.
ಬರಲಿಲ್ಲ. ಮೊಳೆ ಬಂದವು,
ಮೊಳೆಯ ಹಿಂದೆ ನಟ್ಟು, ನಟ್ಟಿನ ಹಿಂದೆ
ತುಮಕೂರಿನ ಅರ್ಧ ಮಿಕ್ಸಿಗಳು,
ಹೊಲಿಗೆ ಮಿಷನ್ನಿನ ಒಂಟಿ ಕಾಲು,
ಯಾರೋ ಕೊಟ್ಟು ಮರೆತ ಗೇಟಿನ ಚಿಲಕ.

ಇವರ ಬಲಗಣ್ಣಿನ ಪೊರೆ ತೆಗೆಸಿ ನಾಲ್ಕು ದಿನ.
ಬಗ್ಗಬಾರದು, ಭಾರ ಎತ್ತಬಾರದು, ಧೂಳು ಕೂಡದು,
ಡಾಕ್ಟರಮ್ಮ ಬೆರಳು ಮಡಿಚಿ ಹೇಳಿದ್ದಾರೆ.
ಬಾಗಿಲಾಚೆ ಬಕೆಟ್ಟು ಬೋರಲು ಹಾಕಿ
ಕರಿ ಕನ್ನಡಕ ಏರಿಸಿ ಕೂತಿದ್ದಾರೆ,
ಸರ್ವೆಯವರು ಹೊಲಕ್ಕೆ ಸರಪಳಿ ಎಳೆಯುವಾಗ
ಬದುವಿನ ಮೇಲೆ ಕೂತವರ ಹಾಗೆ.

ಸಿಕ್ಕಿದ್ದೇ ಸಮಯ ನನಗೆ.
ಇಪ್ಪತ್ತೊಂದು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ
ಕಣ್ಣಿಗೆ ಲೆನ್ಸು ಕಚ್ಚಿಸಿಕೊಂಡು ಕೂತವಳು.
ಟ್ರೇ ತುಂಬ ಗುಳಿ, ಗುಳಿಗೊಂದು ನಂಬರು,
ನಂಬರಿಗೊಂದೇ ಜಾತಿಯ ಸ್ಕ್ರೂ.
ಸಾಸಿವೆ ಅದರ ಮುಂದೆ ಕುಂಬಳಕಾಯಿ.

ಹಾರ್ಲಿಕ್ಸ್ ಬಾಟಲಿ ತೊಳೆದು ಒಣಗಿಸಿದೆ, ಹದಿನೇಳು.
ಬಿಳಿ ಟೇಪಿನ ಮೇಲೆ ಬರೆದೆ:
ಕಾಲಿಂಚು, ಅರ್ಧ, ಮುಕ್ಕಾಲು, ಮರದ್ದು, ಗೋಡೆಯದ್ದು,
ತುಕ್ಕು ಹಿಡಿದರೂ ಬದುಕಿರುವುದು.
ಆಯುಧಪೂಜೆಯ ಕುಂಕುಮ ಸ್ಪ್ಯಾನರುಗಳ ಹಣೆಯಲ್ಲಿ
ಎಣ್ಣೆ ಕುಡಿದು ಕಪ್ಪಾಗಿತ್ತು. ಅದನ್ನು ಒರೆಸಲಿಲ್ಲ.

"ಅದನ್ನ ಇದರ ಜತೆ ಹಾಕಬೇಡ ಕಣೆ."
"ಎರಡೂ ಅರ್ಧ ಇಂಚೇ."
"ಇರಬಹುದು. ಒಂದು ಪುಟ್ಟಲಕ್ಕಮ್ಮನ ಬಾವಿ ರಾಟೆದು,
ಇನ್ನೊಂದು ಇಮಾಮ್ ಸಾಬರ ಲೂನಾದು.
ಒಂದಕ್ಕೊಂದು ಪರಿಚಯವೇ ಇಲ್ಲ."

ಇವರ ಲೆಕ್ಕ ಹಾಗೆ. ಅಳತೆಯಲ್ಲ, ಮನೆತನ.
ಯಾವ ಬಾಗಿಲಿಂದ ಕಳಚಿತು, ಯಾವ ಮಳೆಗಾಲದಲ್ಲಿ,
ದುಡ್ಡು ಕೊಟ್ಟರಾ, ಬರೀ ಕಾಫಿ ಕೊಟ್ಟರಾ.
ಇಂಥದಕ್ಕೆ ನನ್ನ ಟ್ರೇಯಲ್ಲಿ ಗುಳಿ ಇಲ್ಲ.

ಮಧ್ಯೆ ಪಕ್ಕದ ಮನೆಯ ಯೋಗಿತಾ ಬಂದಳು.
"ತಾತ, ನಲ್ಲಿ ಸೋರ್ತಾ ಐತೆ, ಒಂದು ವಾಷರ್ರು."
"ಮೂರನೇ ಹಲಗೆ, ಮೂಲೆ, ಪೌಡರ್ ಡಬ್ಬ."
ಮೂರನೇ ಹಲಗೆ ಈಗ ಗೋಡೆಗೆ ಒರಗಿದೆ,
ಮೂಲೆ ಗುಡಿಸಿದ್ದೇನೆ,
ಡಬ್ಬ ಗುಜರಿಯವನ ಗೋಣಿಯಲ್ಲಿ.
ಅಂದವಾಗಿ ಬರೆದ ಹದಿನೇಳು ಚೀಟಿಗಳ ಮುಂದೆ
ಹತ್ತು ನಿಮಿಷ ನಿಂತೆ.
ಹುಡುಗಿ ಶೆಟ್ಟಿಹಳ್ಳಿ ಗೇಟಿನ ಅಂಗಡಿಗೆ ಹೋದಳು.
ಇವರು ಏನೂ ಅನ್ನಲಿಲ್ಲ.
ಅನ್ನದೇ ಇದ್ದದ್ದು ಕೇಳಿಸಲೆಂದು ಕೆಮ್ಮಿದರು.

ಸಂಜೆಗೆ ಧೂಳು ಕೂತಿತು.
ಬಕೆಟ್ಟು ಹೊಸ್ತಿಲು ದಾಟಿ ಒಳಗೆ ಬಂತು.
ಆಟ ಯಾರು ಶುರು ಮಾಡಿದರೋ,
ನಾನು ಸ್ಟೀಲ್ ತಟ್ಟೆಗೆ ಒಂದೊಂದೇ ಬೀಳಿಸುವುದು,
ಇವರು ಕಣ್ಣು ಮುಚ್ಚಿ ಹೇಳುವುದು.
ಟಣ್. "ಮುಕ್ಕಾಲು, ಹಿತ್ತಾಳೆ."
ಠಕ್. "ತಲೆ ಸವೆದದ್ದು, ಬಿಸಾಕು."
ಟಿಣ್ ಣ್ ಣ್. "ಬೇರಿಂಗ್ ಗುಂಡು, ಓಡ್ತಾ ಐತೆ, ಹಿಡಿ."
ಒಂದೂ ತಪ್ಪಲಿಲ್ಲ.

ಸೋಲಿಸಬೇಕು ಅನ್ನಿಸಿತು.
ಬೀರುವಿನಿಂದ ಇಂಜೆಕ್ಷನ್ನಿನ ಪುಟ್ಟ ಸೀಸೆ ತಂದೆ.
ಕಾರ್ಖಾನೆಯ ಕೊನೆಯ ವಾರ ನೀಲಿ ಕೋಟಿನ ಹೊಲಿಗೆಯೊಳಗೆ
ನನಗೇ ತಿಳಿಯದೆ ಮನೆಗೆ ಬಂದದ್ದು,
ಗೇಟಿನವರ ಕೈಗೂ ಸಿಗದ್ದು,
ಎಷ್ಟೋ ದಿನದ ಮೇಲೆ ಒಗೆಯುವ ಕಲ್ಲಿನ ಮೇಲೆ ಮಿಂಚಿತ್ತು.
ವಾಪಸು ಕೊಡೋಣವೆಂದರೆ
ಅಷ್ಟರಲ್ಲಿ ಗೇಟಿಗೇ ಬೀಗ.
ಚಿಮಟದಲ್ಲಿ ಹಿಡಿದು ತಟ್ಟೆಗೆ ಬಿಟ್ಟೆ.

"ಹೂಂ, ಬೀಳಿಸು."
"ಬೀಳಿಸಿದೆ."
"ಇಲ್ಲ."
"ಬಿತ್ತು ಅಂದೆನಲ್ಲ."

ತಟ್ಟೆಯಲ್ಲಿ ಇರಲಿಲ್ಲ.

"ಫ್ಯಾನು" ಅಂದರು ಇವರು, ಮೆಲ್ಲಗೆ.
ಅದು ನಮ್ಮ ಜೋಡಣೆ ವಿಭಾಗದ ಮೊದಲ ಪಾಠ:
ಏನಾದರೂ ಬಿದ್ದರೆ ಮೊದಲು ಗಾಳಿ ನಿಲ್ಲಿಸು,
ಆಮೇಲೆ ಉಸಿರು.
ಯಾವತ್ತು ಹೇಳಿದ್ದೆನೋ, ಯಾವ ಊಟದ ನಡುವೆ.

ಫ್ಯಾನಿನ ರೆಕ್ಕೆ ನಿಧಾನಕ್ಕೆ ನಿಂತಿತು.
ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ
ಮಂಡಿಯೂರಿದೆ.
ಬಕೆಟ್ಟಿನ ಮೇಲೆ ಇವರು
ಎರಡೂ ಕಾಲು ನೆಲದಿಂದ ಎತ್ತಿ
ಹಾಗೇ ಕೂತರು.