ಪಿಟ್ಟಖ್

ಹಾಲೆಂಡಿನ ಯೋಸ್ಟ್ ವರ್ಷಕ್ಕೊಮ್ಮೆ ಬರುತ್ತಾನೆ
ಪೆರೇಸಂದ್ರದಾಚೆಯ ನಮ್ಮ ಪಾಲಿಹೌಸಿಗೆ,
ತನ್ನ ಕಂಪನಿಯ ಬೀಜ ಹೇಗೆ ಬಂದಿದೆ ನೋಡಲು.
ದೊಣ್ಣೆಮೆಣಸಿನಕಾಯಿಯ ಕೆನ್ನೆ ತಟ್ಟುತ್ತಾನೆ, ಕೂಸಿಗೆ ತಟ್ಟಿದಂತೆ.
ನಮ್ಮತ್ತ ನಕ್ಕು ಸುಮ್ಮನಾಗುತ್ತಾನೆ.

ಅವತ್ತು ಅವನೆದುರೇ ಆಯಿತು:
ಟೆಂಪೋದವನ ತಕ್ಕಡಿಗೆ ಪೆಟ್ಟಿಗೆ ಇಡಬೇಕಿದ್ದ ಪಿಳ್ಳಮ್ಮ
ಪೆಟ್ಟಿಗೆ ಕೆಳಗಿಟ್ಟು, ಚಪ್ಪಲಿ ಬಿಟ್ಟು
ತಾನೇ ಹತ್ತಿ ನಿಂತಳು.
'ಮೊನ್ನೆ ಆಸ್ಪತ್ರೇಲಿ ನಲವತ್ತೆರಡು ಇದ್ದೆ ಕಣಪ್ಪ,
ನಿಂದು ಮೂವತ್ತೊಂಬತ್ತು ಅಂತದೆ.
ಮಿಕ್ಕ ಮೂರು ಕೇಜಿ ನಾನು
ಎಲ್ಲಿಗೋದೆ, ಹೇಳು?'

ಪಿಟ್ಟಖ್, ಅಂದ ಯೋಸ್ಟ್, ಮೆಲ್ಲಗೆ.
ಕೊನೆಯಲ್ಲಿ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಂತೆ.

'ನಂಗೆ ಪಿತ್ತ ಅಂದನಾ ಅವ್ನು?'
ಸೆರಗು ಸಿಕ್ಕಿಸಿ ಇಳಿದಳು.

ಅಲ್ಲವಂತೆ. ಕೈಬಾಯಿ ಸನ್ನೆಯಲ್ಲಿ ಬಿಡಿಸಿ ಹೇಳಿದ ಪಾಪ.
ಪಿಟ್ ಅಂದರೆ ಹಣ್ಣಿನೊಳಗಿನ ಬೀಜ,
ದೀಪದ ಬತ್ತಿಗೂ ಅದೇ ಮಾತು.
ಅದು ಒಳಗಿರುವವರು ಪಿಟ್ಟಖ್.
ನಾಲಿಗೆ ಚುರ್ರೆನಿಸುವ ಚಟ್ನಿಯೂ ಪಿಟ್ಟಖ್,
ಬೆವರಿಳಿಸುವ ಪರೀಕ್ಷೆಯೂ,
ಕೇಳಿದೊಡನೆ ಜೇಬು ಮುಟ್ಟಿಕೊಳ್ಳುವಂಥ ರೇಟೂ.

ನಾನು ಕನ್ನಡದಲ್ಲಿ ತಡಕಾಡಿದೆ.
ಬಜಾರಿ, ಗಂಡುಬೀರಿ, ಬಾಯಿಬಡುಕಿ
ತಾವಾಗಿ ಓಡಿ ಬಂದವು, ಕರೆಯದಿದ್ದರೂ.
ಚುರುಕು ಅನ್ನೋಣವೆಂದರೆ ಅದು ಎರಡನೇ ಕ್ಲಾಸಿನ ಮಕ್ಕಳಿಗೆ.
ಗಟ್ಟಿಗಿತ್ತಿ?
ಅದನ್ನು ನಮ್ಮೂರಲ್ಲಿ ಗಂಡ ಸತ್ತ ಮೇಲೆ ಅನ್ನುತ್ತಾರೆ,
ಹನ್ನೊಂದನೇ ದಿನ, ಊಟ ಮುಗಿಸಿ ಹೊರಡುವಾಗ.

ಕಡೆಗೆ ಅಂದೆ: 'ನಿನ್ನಲ್ಲಿ ಖಾರ ಇದೆಯಂತೆ ಪಿಳ್ಳಕ್ಕ.'
'ಅವ್ನ ಕಾಯಿಗೇ ಖಾರ ಇಲ್ಲ,
ನಂಗೆ ಹೇಳಾಕ್ ಬಂದ!'
ನಗು ತಗಡಿನ ಶೆಡ್ಡಿಗೆಲ್ಲ ಬಡಿಯಿತು.
ಯೋಸ್ಟನೂ ನಕ್ಕ, ಏನೆಂದು ತಿಳಿಯದೆ.

ಅವನು ಹೋದ ಮೇಲೆ ಹೊಳೆಯಿತು,
ಆ ಪಿಟ್ ನಮ್ಮಲ್ಲೂ ಇದೆ.
ಆದರೆ ಇಲ್ಲ ಎನ್ನುವುದಕ್ಕೆ ಮಾತ್ರ:
ಪಿಟ್ಟೆನ್ನದೆ ಕೂತಳು, ಪಿಟ್ಟೆನ್ನದೆ ಉಂಡಳು,
ಕೊಟ್ಟ ಮನೆಯಲ್ಲಿ ಇಷ್ಟು ವರ್ಷ ಪಿಟ್ಟೆನ್ನಲಿಲ್ಲ ಮಹಾತಾಯಿ.
ಪಿಟ್ಟೆಂದಳು ಎಂದು
ಯಾರ ಬಾಯಲ್ಲೂ ನಾನು ಕೇಳಿಲ್ಲ.

ಲೆಕ್ಕದ ಪುಸ್ತಕ ನನ್ನದು.
ಎರಡು ವರ್ಷದಿಂದ ತಕ್ಕಡಿ ಹೇಳಿದ್ದನ್ನೇ
ದುಂಡಗೆ ಬರೆದುಕೊಂಡು ಬಂದವಳು.
ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ.
ಎತ್ತಿ ಎತ್ತಿ ನನ್ನ ಕೈಗೂ ತೂಕ ಗೊತ್ತಿತ್ತು.

ಟೆಂಪೋದವನು ರಸೀದಿ ಚಾಚಿದ, ಸಹಿಗೆ.
ಪೆನ್ನಿಗೆ ಮುಚ್ಚಳ ಹಾಕಿದೆ.
ಖ್, ಎಂದು
ಗಂಟಲು ಸರಿಮಾಡಿಕೊಂಡೆ.